ನಲವತ್ತನೆಯ ಗುಂಡುಸೂಜಿ

ಎಣಿಸಿದಾಗ ನಲವತ್ತು ಇದ್ದವು. ಇನ್ನೊಮ್ಮೆ ಎಣಿಸಿದಳು, ನಲವತ್ತೇ. ಬೆಳಗ್ಗೆ ಅಂಗಡಿಯ ಬಾಗಿಲು ತೆಗೆದ ಕೂಡಲೇ ಗುಂಡುಸೂಜಿಗಳ ಲೆಕ್ಕ ಸರಿ ಬಂದರೆ ಬೇರೆ ಯಾವ ಟೈಲರಿಗಾದರೂ ಸಮಾಧಾನವಾದೀತು. ಇವಳಿಗೆ ಮಾತ್ರ ಎರಡು ವಾರದಿಂದ ಆ ನಲವತ್ತು ಕಂಡರೆ ಆಗುತ್ತಿರಲಿಲ್ಲ. ಎಡಗೈ ಮಣಿಕಟ್ಟಿಗೆ ಕಟ್ಟಿಕೊಳ್ಳುವ, ಅಂಗೈಗಿಂತ ಚಿಕ್ಕದಾದ ಹಸಿರು ಮೆತ್ತೆ. ಅದರ ಮೇಲೆ ಹತ್ತರಂತೆ ನಾಲ್ಕು ಸಾಲು, ಬಿಳಿ ತಲೆಯ ಸೂಜಿಗಳು. ಬೆಳಗ್ಗೆ ಒಂದು ಸಲ, ಸಂಜೆ ಬಾಗಿಲು ಹಾಕುವ ಮುಂಚೆ ಒಂದು ಸಲ ಎಣಿಸುವುದು ಹತ್ತೊಂಬತ್ತು ವರ್ಷದ ಅಭ್ಯಾಸ. ಬಟ್ಟೆಯಲ್ಲಿ ಸೂಜಿ ಉಳಿದು ಹೋಗಬಾರದೆಂದು ಶುರುವಾದದ್ದು, ಬರಬರುತ್ತಾ ಅವಳ ಹೆಸರಿಗೇ ಅಂಟಿಕೊಂಡಿತ್ತು. ಅಳತೆ ಕೊಡಲು ಬರುವವರು 'ಎಣಿಸೋ ಟೈಲರಮ್ಮನ ಅಂಗಡಿ ಯಾವುದು' ಎಂದೇ ಕೇಳಿಕೊಂಡು ಬರುತ್ತಿದ್ದರು. "ನಮ್ಮನೇಲಿ ಮಕ್ಕಳನ್ನೂ ಹೀಗೆ ಎಣಿಸಲ್ಲ ಕಣ್ರೀ" ಎಂದು ಎದುರಿನ ಚಪ್ಪಲಿ ಅಂಗಡಿಯವನು ನಗುತ್ತಿದ್ದ. ಅಂಥ ಮಾತು ಕೇಳಿದಾಗ ಅವಳು ತಲೆ ತಗ್ಗಿಸಿ ಹೊಲಿಯುತ್ತಿದ್ದಳು, ಒಳಗೊಳಗೇ ಬೀಗುತ್ತಿದ್ದಳು. ಬೀಗಿದ್ದಕ್ಕೇ ಹೀಗಾಯಿತು ಎಂದು ಈಗ ಅನ್ನಿಸುತ್ತದೆ.

ಹನ್ನೊಂದು ಗಂಟೆಗೆ ಇನ್ಶೂರೆನ್ಸ್ ಕಂಪನಿಯಿಂದ ಯಾರೋ ಬರುವವರಿದ್ದರು. ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಪಾಲಿಸಿಯ ಪುಸ್ತಕ ಬಿದ್ದಿತ್ತು, ಮೂವತ್ತಾರು ಪುಟದ್ದು. ಮೂರು ಸಲ ಓದಿದ್ದಳು. ಮೊದಲ ಸಲ ತಲೆಬುಡ ತಿಳಿಯಲಿಲ್ಲ. ಎರಡನೆಯ ಸಲ ತಲೆ ತಿಳಿದಂತಾಯಿತು, ಬುಡ ಇಲ್ಲ. ಮೂರನೆಯ ಸಲ ಓದಿದ ಮೇಲೆ ಮೊದಲು ತಿಳಿದಿದ್ದೂ ಕೈಬಿಟ್ಟು ಹೋಯಿತು. ಕೊಡುತ್ತೇವೆ ಎಂದು ಒಂದು ಪುಟದಲ್ಲಿದ್ದರೆ ಯಾವುದಕ್ಕೆ ಕೊಡುವುದಿಲ್ಲ ಎಂದು ಹನ್ನೊಂದು ಪುಟ. ಮಗಳನ್ನು ಕೊಡುತ್ತೇವೆ ಎಂದು ಹೇಳಿ ಜಾತಕ, ಎತ್ತರ, ಹಲ್ಲು ಎಂದು ಒಂದೊಂದೇ ನೆವ ತೆಗೆಯುವ ಬೀಗರ ಹಾಗೆ. ಹೋದ ವರ್ಷ ಮೈದುನ ಈ ಪುಸ್ತಕ ತಂದು ಇದೇ ಮೇಜಿನ ಮೇಲೆ ಇಟ್ಟಾಗ ಅವಳು ಒಂದು ಅಕ್ಷರವನ್ನೂ ಓದಿರಲಿಲ್ಲ. ಗಂಡ ತೀರಿಕೊಂಡ ಮೇಲೆ ಆ ಕಡೆಯ ಸಂಬಂಧವೆಂದು ಉಳಿದವನು ಇವನೊಬ್ಬನೇ. ಇನ್ಶೂರೆನ್ಸ್ ಏಜೆಂಟನಾದ ಅವನಿಗೆ ಆ ತಿಂಗಳು ಒಂದು ಪಾಲಿಸಿ ಕಮ್ಮಿ ಬಿದ್ದಿತ್ತು. ಅವಳು ಬಾಯಲ್ಲಿದ್ದ ಸೂಜಿ ತೆಗೆಯದೆಯೇ ಸಹಿ ಹಾಕಿದ್ದಳು.

"ಏನು ಅಂತಾದ್ರೂ ಕೇಳಿ ಅತ್ತಿಗೆ" ಎಂದಿದ್ದ ಅವನು, ಸಹಿಯಾದ ಮೇಲೆ.

"ಹೇಳಪ್ಪಾ, ಏನು?"

"ನಿಮ್ಮ ಕತ್ತರಿ ಕಳೆದುಹೋಯ್ತು ಅನ್ಕೊಳ್ಳಿ. ಅದಕ್ಕಲ್ಲ ಇದು. ಅದೇ ಕತ್ತರಿ ಜಾರಿ ಗಿರಾಕಿ ಕಾಲ ಮೇಲೆ ಬಿತ್ತು, ಅದಕ್ಕೆ. ನೀವು ಹೊಲಿದ ಕೋಟು ಬಿಗಿಯಾಯ್ತು, ಕೆಟ್ಟೋಯ್ತು, ಅದಕ್ಕಲ್ಲ. ಆ ಕೋಟಿಂದ ಯಾರಿಗಾದ್ರೂ ಪೆಟ್ಟಾಯ್ತು, ಅದಕ್ಕೆ."

"ಕೋಟಿಂದ ಯಾರಿಗೆ ಪೆಟ್ಟಾಗುತ್ತೋ?"

"ಆಗಲ್ಲ ಬಿಡಿ. ಅದಕ್ಕೇ ಕಂತು ಇಷ್ಟು ಕಡಿಮೆ."

"ಅಲ್ಲ, ಕತ್ತರಿ ನನ್ನ ಕಾಲ ಮೇಲೇ ಬಿದ್ರೆ?"

ಮೈದುನ ಪೆನ್ನಿನ ಮುಚ್ಚಳ ಹಾಕುತ್ತಾ, "ಅದು ಬೇರೆ ಪಾಲಿಸಿ" ಎಂದಿದ್ದ. ಇಬ್ಬರೂ ನಕ್ಕಿದ್ದರು. ಈಗ ಆ ನಗು ನೆನಪಾದರೆ ಅವಳಿಗೆ ಸಿಟ್ಟು ಬರುತ್ತದೆ, ಯಾರ ಮೇಲೆ ಎಂದು ತಿಳಿಯದ ಸಿಟ್ಟು.

ಎರಡು ವಾರದ ಹಿಂದಿನ ಆ ಶನಿವಾರ ಸಂಜೆ ಮೂವತ್ತೊಂಬತ್ತು ಬಂದಿತ್ತು. ಇದು ಅವಳನ್ನು ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಹತ್ತೊಂಬತ್ತು ವರ್ಷದಲ್ಲಿ ಒಂದೆರಡು ಕಡಿಮೆ ಬಂದ ಸಂಜೆಗಳು ಇರಲಿಲ್ಲವೆಂದಲ್ಲ. ಆಗೆಲ್ಲ ಅಯಸ್ಕಾಂತ ಹಿಡಿದು ನೆಲ ಸವರಿದರೆ ಮಿಷನ್ನಿನ ಕಾಲ ಹತ್ತಿರವೋ ಚಿಂದಿ ಡಬ್ಬದ ಬುಡದಲ್ಲೋ ಸಿಗುತ್ತಿತ್ತು. ಅವತ್ತೂ ಸವರಿದಳು. ಮಂಡಿ ಊರಿ, ಸೊಂಟ ಹಿಡಿದುಕೊಂಡು, ಮೇಜಿನ ಕೆಳಗೆ ತಲೆ ಹಾಕಿ ಸವರಿದಳು. ಸಿಗಲಿಲ್ಲ. ಕಂಬಿಯ ಮೇಲೆ ಇಸ್ತ್ರಿಯಾದ ಬಟ್ಟೆಗಳು ಹನ್ನೆರಡೋ ಹದಿಮೂರೋ ತೂಗುತ್ತಿದ್ದವು. ಒಂದೊಂದನ್ನೂ ಇಳಿಸಿ ಅಂಚು ಮುಟ್ಟಿ ನೋಡಬೇಕಿತ್ತು. ಮುಕ್ಕಾಲು ಗಂಟೆಯ ಕೆಲಸ. ಅವತ್ತು ಬೆಳಗ್ಗೆಯಿಂದ ನಿಂತೇ ಇದ್ದಳು, ಹಿಮ್ಮಡಿ ಸಿಡಿಯುತ್ತಿತ್ತು, ಮನೆಗೆ ಹೋಗಿ ಕಾಲು ಚಾಚಿದರೆ ಸಾಕೆನ್ನಿಸಿತ್ತು. ಕೈ ತಾನಾಗಿ ಹೋಗಿ ಕಪಾಟಿನ ಹೊಸ ಡಬ್ಬಿಯಿಂದ ಒಂದು ಸೂಜಿ ತೆಗೆದು ಖಾಲಿ ಜಾಗಕ್ಕೆ ಚುಚ್ಚಿತು. ನಲವತ್ತಾಯಿತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದೆ ಎನ್ನುತ್ತಾರೆ. ಇವಳು ಕಣ್ಣು ಬಿಟ್ಟುಕೊಂಡೇ, ಇನ್ನೊಂದು ಸಲ ಬೇರೆ ಎಣಿಸಿ, ಬಾಗಿಲು ಹಾಕಿಕೊಂಡು ಹೋಗಿದ್ದಳು. ಯಾರಿಗೆ ತೋರಿಸಲು ಎಣಿಸಿದೆ ಎಂದು ಈಗ ಕೇಳಿಕೊಳ್ಳುತ್ತಾಳೆ. ಅಂಗಡಿಯಲ್ಲಿ ಯಾರೂ ಇರಲಿಲ್ಲ.

ಸೋಮವಾರ ಬೆಳಗ್ಗೆ ಮೇಷ್ಟ್ರು ಬಂದಿದ್ದರು. ಚಿಕ್ಕಂದಿನಲ್ಲಿ ಅವಳಿಗೆ ಲೆಕ್ಕ ಕಲಿಸಿದವರು, ರಿಟೈರಾಗಿ ಯಾವ ಕಾಲವೋ ಆಯಿತು, ಎರಡು ಬೀದಿ ಆಚೆ ಮಗಳ ಜೊತೆ ಇದ್ದಾರೆ. ಬೂದು ಬಣ್ಣದ ಪ್ಯಾಂಟಿನ ಕಾಲು ಎರಡು ಇಂಚು ಮಡಚಲು ಕೊಟ್ಟಿದ್ದರು. "ವಯಸ್ಸಾದ ಹಾಗೆ ನಾನು ಗಿಡ್ಡ ಆಗ್ತಿದೀನಿ, ಈ ಪ್ಯಾಂಟಿಗೆ ಮಾತ್ರ ಬುದ್ಧಿ ಬಂದಿಲ್ಲ" ಎಂದು ತಮಾಷೆ ಮಾಡಿದ್ದರು. ಪ್ಯಾಂಟನ್ನು ಕಂಬಿಯಿಂದ ಇಳಿಸುವಾಗ ಅವಳ ಕೈ ಅಂಚಿನ ಕಡೆ ಹೋದದ್ದು ನಿಜ. ನೋಡಿಬಿಡೋಣ ಎಂದುಕೊಂಡದ್ದೂ ನಿಜ. ಆದರೆ ಮೇಷ್ಟ್ರು ಅವಳ ಮಣಿಕಟ್ಟನ್ನು ನೋಡಿ, "ಏನೇ, ಇವತ್ತಿನ ಲೆಕ್ಕ ಸರಿ ಇದೆಯಾ?" ಎಂದುಬಿಟ್ಟರು. ಅವರ ಎದುರಿಗೆ ಅಂಚು ಸವರಿ ನೋಡಿದರೆ ಲೆಕ್ಕ ಸರಿಯಿಲ್ಲ ಎಂದಂತಾಗುತ್ತದಲ್ಲ. "ಸರಿ ಇದೆ ಮೇಷ್ಟ್ರೇ" ಎಂದು ಮಡಚಿ ಕೈಗೆ ಕೊಟ್ಟಳು. ಐದನೇ ಕ್ಲಾಸಿನಲ್ಲಿ ಅವಳಿಗೊಂದು ಚಾಳಿಯಿತ್ತು. ಪುಸ್ತಕದ ಕೊನೆಯ ಪುಟದಲ್ಲಿ ಉತ್ತರ ನೋಡಿಕೊಂಡು, ಲೆಕ್ಕವನ್ನು ಹೇಗೋ ತಿರುಚಿ ಆ ಉತ್ತರಕ್ಕೆ ತಂದು ನಿಲ್ಲಿಸುವುದು. ಮೇಷ್ಟ್ರು ಸ್ಲೇಟಿನ ಮೇಲೆ ಒಮ್ಮೆ ಕಣ್ಣಾಡಿಸಿದರೆ ಸಾಕು, ಹಿಡಿದುಬಿಡುತ್ತಿದ್ದರು. ಹೊಡೆಯುತ್ತಿರಲಿಲ್ಲ, ಬೈಯುತ್ತಲೂ ಇರಲಿಲ್ಲ. "ಉತ್ತರ ಸರಿ, ಲೆಕ್ಕ ಸುಳ್ಳು. ಮತ್ತೆ ಮಾಡು" ಎಂದು ಸ್ಲೇಟು ಒರೆಸಿ ಕೊಡುತ್ತಿದ್ದರು. ಇಡೀ ಕ್ಲಾಸಿನ ಎದುರಿಗೆ ಒರೆಸಿದ ಸ್ಲೇಟು ಹಿಡಿದುಕೊಂಡು ತನ್ನ ಜಾಗಕ್ಕೆ ವಾಪಸು ನಡೆಯುವ ಆ ಹತ್ತು ಹೆಜ್ಜೆ ಈಗಲೂ ಅವಳ ಮೈಯಲ್ಲಿದೆ.

ಸೂಜಿ ಮಡಿಕೆಯ ಒಳಗೆ ಸೇರಿಕೊಂಡು ಹೊಲಿಗೆಯಲ್ಲಿ ಉಳಿದಿತ್ತು. ಮೇಷ್ಟ್ರು ನಡೆದ ಹಾಗೆಲ್ಲ ಜಾರಿ, ಶೂ ಒಳಗೆ ಬಿದ್ದು, ಹಿಮ್ಮಡಿಗೆ ಇಳಿಯಿತು. ಬೇರೆಯವರಾದರೆ ಅಯ್ಯೋ ಎಂದು ಶೂ ಕಿತ್ತು ಬಿಸಾಕುತ್ತಿದ್ದರು, ಸೂಜಿ ತೆಗೆಯುತ್ತಿದ್ದರು, ಅವಳ ಅಂಗಡಿಗೆ ಬಂದು ನಾಲ್ಕು ಮಾತು ಬೈದು ಹೋಗುತ್ತಿದ್ದರು, ಅಲ್ಲಿಗೆ ಮುಗಿಯುತ್ತಿತ್ತು. ಮೇಷ್ಟ್ರಿಗೆ ಇಪ್ಪತ್ತು ವರ್ಷದ ಸಕ್ಕರೆ ಕಾಯಿಲೆ, ಪಾದ ಜೋಮು ಹಿಡಿದು ಏನು ತಗುಲಿದರೂ ತಿಳಿಯದು. ಎರಡು ದಿನ ಅದರ ಮೇಲೆಯೇ ನಡೆದಾಡಿದ್ದರು. ಕಾಲುಚೀಲ ಒಗೆಯಲು ತೆಗೆದುಕೊಂಡ ಮಗಳು ರಕ್ತ ನೋಡಿ ಕಿರುಚಿದಳಂತೆ. ಕೀವು ತುಂಬಿತ್ತು, ಡಾಕ್ಟರು ಕೊಯ್ದರು, ಹಿಮ್ಮಡಿ ಉಳಿಯುತ್ತದೋ ಇಲ್ಲವೋ ಇನ್ನೂ ಹೇಳಲಾಗದು ಎಂದರು. ಈ ಸುದ್ದಿ ತಂದವನು ಚಪ್ಪಲಿ ಅಂಗಡಿಯವನು. ಕೇಳಿದ ಕೂಡಲೇ ಚಪ್ಪಲಿ ಮೆಟ್ಟಿಕೊಂಡು ಹೊರಟವಳು, ಬಾಗಿಲಲ್ಲಿ ನಿಂತು, ಯಾಕೋ ಮೈದುನನಿಗೆ ಒಂದು ಮಾತು ಹೇಳೋಣವೆಂದು ಫೋನು ಮಾಡಿದಳು. ಆ ಫೋನು ಮಾಡದೆ ಹೋಗಿದ್ದರೆ!

"ಅತ್ತಿಗೆ, ಒಂದು ಹೆಜ್ಜೆ ಮುಂದಿಡಬೇಡಿ" ಎಂದಿದ್ದ ಅವನು. "ಪಾಲಿಸೀಲಿ ಬರೆದಿದೆ. ನಾವು ತಪ್ಪು ಒಪ್ಕೋಬಾರದು. ಒಪ್ಕೊಂಡ್ರೆ ಕಂಪನಿಯವರು ಕೈ ತೊಳ್ಕೋತಾರೆ, ಮೇಷ್ಟ್ರಿಗೆ ಬಿಡಿಗಾಸೂ ಬರಲ್ಲ. ಸಾರಿ ಅಂತ ಬಾಯಿ ತಪ್ಪೀನೂ ಅನ್ಬೇಡಿ."

"ನೋಡ್ಕೊಂಡು ಬರ್ತೀನಿ, ಅಷ್ಟೆ. ಮಾತಾಡಲ್ಲ."

"ನಿಮ್ಮ ಮುಖ ನಿಮಗೆ ಗೊತ್ತಿಲ್ಲ ಅತ್ತಿಗೆ. ಅದು ಮಾತಾಡುತ್ತೆ."

ಹೀಗೆ ಹೋಗದೇ ಉಳಿದಳು. ಮೂರನೆಯ ದಿನ ಮೇಷ್ಟ್ರ ಮಗಳೇ ಬಂದಳು. ಕಿರುಚಾಡಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು. ಅವಳು ಮೆಲ್ಲನೆ, ಆಸ್ಪತ್ರೆಯಲ್ಲಿ ಮಾತಾಡಿ ಮಾತಾಡಿ ಬಂದ ಆಯಾಸದ ದನಿಯಲ್ಲಿ, ಏನೇನಾಯಿತು ಎಂದು ಹೇಳಿದಳು. ತಾನು ಮಾತಾಡಲಿ ಎಂದು ಕಾಯುತ್ತಿದ್ದಾಳೆಂದು ಇವಳಿಗೆ ಗೊತ್ತಾಯಿತು. ಬಾಯಲ್ಲಿ ಬಿಸಿ ತುಪ್ಪ. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಕೊನೆಗೆ ಬಾಯಿಂದ ಬಂದದ್ದು, "ಇನ್ಶೂರೆನ್ಸ್‌ನವರಿಗೆ ತಿಳಿಸಿದೀವಿ." ಮೇಷ್ಟ್ರ ಮಗಳು ಒಂದು ಕ್ಷಣ ಏನೂ ಅರ್ಥವಾಗದವಳಂತೆ ನೋಡಿದಳು. "ನಾನು ಅದಕ್ಕೆ ಬರಲಿಲ್ಲ. ಅಪ್ಪ ನಿಮ್ಮ ಅಂಗಡಿ ಬಿಟ್ಟು ಬೇರೆ ಕಡೆ ಒಂದು ಗುಂಡಿಯನ್ನೂ ಹಾಕಿಸಿದವರಲ್ಲ. ಹೇಗಿದ್ದಾರೆ ಅಂತ ಒಂದು ಮಾತು ಕೇಳ್ತೀರ ಅನ್ಕೊಂಡೆ" ಎಂದು ಹೋದಳು. ಆಗ ಅಂಗಡಿಯಲ್ಲಿ ಇನ್ನೊಬ್ಬ ಗಿರಾಕಿ ಇದ್ದಳು, ಅಳತೆಗೆ ಕೈ ಎತ್ತಿಕೊಂಡು ನಿಂತಿದ್ದವಳು. ಅವಳು ಕೈ ಇಳಿಸಿ, "ಇನ್ನೊಂದಿನ ಬರ್ತೀನಿ" ಎಂದಳು. ಇನ್ನೊಂದು ದಿನ ಬರಲಿಲ್ಲ.

ಅಂದಿನಿಂದ ಅವಳು ಪುಸ್ತಕ ಓದುತ್ತಿದ್ದಾಳೆ. ಓದಿದಷ್ಟೂ ಗೋಜಲು. ತಪ್ಪು ಅವಳದಾಗಿದ್ದರೆ ಮಾತ್ರ ಕಂಪನಿ ಮೇಷ್ಟ್ರಿಗೆ ಕೊಡುತ್ತದೆ. ಆದರೆ ತಪ್ಪು ನನ್ನದು ಎಂದು ಅವಳು ಹೇಳಬಾರದು. ತಪ್ಪು ಅವಳದಲ್ಲದಿದ್ದರೆ ಅವಳಿಗೇನೂ ಇಲ್ಲ, ಮೇಷ್ಟ್ರಿಗೂ ಏನೂ ಇಲ್ಲ, ಹಿಮ್ಮಡಿ ಅವರದು, ಹಣೆಬರಹವೂ ಅವರದು. ಅಂದರೆ ತಾನು ತಪ್ಪು ಮಾಡಿರಬೇಕು, ಆದರೆ ತನಗೆ ಹಾಗನ್ನಿಸಬಾರದು. ಅಥವಾ ಅನ್ನಿಸಬಹುದು, ಬಾಯಿ ಬಿಡಬಾರದು. ಇಷ್ಟಾದರೂ ಒಂದು ತೆರನಾಗಿ ಹಿಡಿತಕ್ಕೆ ಬಂತು ಎನ್ನುವಷ್ಟರಲ್ಲಿ ಹದಿನೆಂಟನೆಯ ಪುಟ: 'ಆಗುವುದೆಂದು ಗೊತ್ತಿದ್ದೂ ಮಾಡಿದ ಹಾನಿಗೆ ಪರಿಹಾರವಿಲ್ಲ.' ಈ ಸಾಲಿನ ಕೆಳಗೆ ಅವಳು ಬಟ್ಟೆಗೆ ಗುರುತು ಹಾಕುವ ಚಾಕಿನಲ್ಲಿ ಗೆರೆ ಎಳೆದಿದ್ದಳು. ತನಗೆ ಗೊತ್ತಿತ್ತೇ? ಒಂದು ಸೂಜಿ ಕಡಿಮೆ ಎಂದು ಗೊತ್ತಿತ್ತು. ಎಲ್ಲಿದೆ ಎಂದು ಗೊತ್ತಿರಲಿಲ್ಲ. ಎಲ್ಲಿದೆ ಎಂದು ಗೊತ್ತಾಗಬಾರದು ಎಂದೇ ಹುಡುಕಲಿಲ್ಲವೇ? ಹಾಗಾದರೆ ಅದು ಗೊತ್ತಿದ್ದ ಹಾಗೋ, ಗೊತ್ತಿಲ್ಲದ ಹಾಗೋ? ಹನ್ನೆರಡು ಬಟ್ಟೆಯಲ್ಲಿ ಒಂದರಲ್ಲಿ ಇರಬಹುದಿತ್ತು, ಹನ್ನೆರಡರಲ್ಲೂ ಇಲ್ಲದಿರಬಹುದಿತ್ತು. ಮೂವತ್ತೊಂಬತ್ತು ಎಂದರೆ ಗೊತ್ತಿದ್ದೂ ಮಾಡಿದಳು ಎಂದು ಕಂಪನಿ ಕೈಯೆತ್ತಬಹುದು. ನಲವತ್ತು ಎಂದರೆ ಸೂಜಿ ಅವಳದೇ ಅಲ್ಲ ಎಂದು ಕೈಯೆತ್ತಬಹುದು. ಎರಡು ಕಡೆಯಿಂದಲೂ ಮೇಷ್ಟ್ರ ಕಾಲಿಗೇ ಬಂದು ನಿಲ್ಲುತ್ತದೆ. ಈ ಪುಸ್ತಕ ಬರೆದವನು ಒಬ್ಬನೇ ಇರಲಾರ. ಒಬ್ಬ ಬರೆದದ್ದನ್ನು ಇನ್ನೊಬ್ಬ ಒಳಹೊಲಿಗೆ ಬಿಚ್ಚಿ ತಿರುಗಿಸಿ ಹೊಲಿದಿದ್ದಾನೆ ಎಂದು ಅವಳಿಗೆ ಗ್ಯಾರಂಟಿಯಾಗಿತ್ತು.

ಹನ್ನೊಂದಕ್ಕೆ ಹತ್ತು ನಿಮಿಷವಿರುವಾಗಲೇ ಮೈದುನ ಬಂದ. ಇಸ್ತ್ರಿ ಮಾಡಿದ ಅಂಗಿ, ಸಾವಿನ ಮನೆಗೆ ಬಂದವನ ಮುಖ. "ನಲವತ್ತು ಅನ್ನಿ ಅತ್ತಿಗೆ. ಊರಿಗೆಲ್ಲ ಗೊತ್ತಿರೋ ವಿಷಯ. ಎಣಿಸೋ ಟೈಲರಮ್ಮ ಅಂತ ಹೆಸರೇ ಇದೆ. ಹೆಸರು ಉಳಿದ್ರೆ ಅಂಗಡಿ ಉಳಿಯುತ್ತೆ" ಎಂದ. ಅವನಿಗೆ ನಿಜ ಗೊತ್ತಿರಲಿಲ್ಲ. ಗೊತ್ತಿಲ್ಲದವನು ಹೇಳಿಕೊಡುತ್ತಿದ್ದ ಸುಳ್ಳು ಅವನ ಪಾಲಿಗೆ ನಿಜವೇ. ಅವನನ್ನು ನೋಡಿ ಅವಳಿಗೆ ಅಯ್ಯೋ ಎನ್ನಿಸಿತು.

ಕಂಪನಿಯಿಂದ ಬಂದವಳು ಒಬ್ಬ ಹುಡುಗಿ, ಇಪ್ಪತ್ತೇಳು ಇಪ್ಪತ್ತೆಂಟು ಇರಬಹುದು. ಬಂದವಳೇ ಕುರ್ಚಿ ಬೇಡವೆಂದು ಕಂಬಿ, ಮಿಷನ್ನು, ಮೇಜು, ಅಯಸ್ಕಾಂತ ಎಲ್ಲ ನೋಡಿದಳು. ಅವಳ ಕೋಟಿನ ಎಡತೋಳಿನ ಅಂಚು ಬಿಟ್ಟುಕೊಂಡಿತ್ತು. ಐದು ನಿಮಿಷದ ಕೆಲಸ, ಕೂತ್ಕೋ ಹಾಕಿಕೊಡ್ತೀನಿ ಎಂದು ಬಾಯಿಗೆ ಬಂದದ್ದನ್ನು ಟೈಲರಮ್ಮ ನುಂಗಿಕೊಂಡಳು. ಹಾಗಂದರೆ ಲಂಚವಾಗುತ್ತದೋ ಏನೋ, ಆ ಪುಸ್ತಕದಲ್ಲಿ ಅದೂ ಇದ್ದೀತು.

"ದಿನಾ ಎಣಿಸ್ತೀರಂತೆ?"

"ಎರಡು ಹೊತ್ತು."

"ಆ ಶನಿವಾರ ಸಂಜೆ ಎಣಿಸಿದ್ರಾ?"

"ಎಣಿಸಿದೆ."

"ಎಷ್ಟಿತ್ತು?"

ಮೈದುನ ಸೀಲಿಂಗಿನ ಫ್ಯಾನು ನೋಡುತ್ತಿದ್ದ. ಅದು ತಿರುಗುತ್ತಿರಲಿಲ್ಲ. ಬಾಗಿಲು ಹಾಕುವಾಗ ಎಷ್ಟಿತ್ತು ಎಂದು ಕೇಳಿದರೆ ಉತ್ತರ ಒಂದು. ಅದಕ್ಕೆ ಮುಂಚೆ ಎಷ್ಟಿತ್ತು ಎಂದು ಕೇಳಿದರೆ ಇನ್ನೊಂದು. ಹುಡುಗಿ ಯಾವುದು ಕೇಳಿದಳು? ಬರೀ ಎಷ್ಟಿತ್ತು ಎಂದಳು. "ನಲವತ್ತು" ಎಂದು ಟೈಲರಮ್ಮನ ಬಾಯಿ ಹೇಳಿತು. ಹತ್ತೊಂಬತ್ತು ವರ್ಷದಿಂದ ಬಾಯಿಗೆ ರೂಢಿಯಾದ ಮಾತು, ತಡೆಯುವಷ್ಟರಲ್ಲಿ ಆಚೆಗೆ ಬಿದ್ದಿತ್ತು.

ಹುಡುಗಿ ಬರೆದುಕೊಂಡಳು. "ಹಾಗಾದ್ರೆ ಆ ಸೂಜಿ ಇಲ್ಲೀದಲ್ಲ ಅಂತಾಯ್ತು" ಎಂದಳು, ದನಿಯಲ್ಲಿ ಖುಷಿಯೂ ಇಲ್ಲ ಬೇಸರವೂ ಇಲ್ಲ. "ಸೂಜಿ ಅವರ ಮನೇಲಿದೆ. ನೋಡೋಕೆ ಹೋಗ್ತಿದೀನಿ. ನೀವೂ ಬಂದು ನಿಮ್ಮ ಥರದ್ದೇನಾ ಅಂತ ಹೇಳಿದ್ರೆ ಒಳ್ಳೇದು." ಮೈದುನನಿಗೆ ಇನ್ನೊಂದು ಕಡೆ ಹೋಗುವುದಿತ್ತು. ಹೋಗುವ ಮುಂಚೆ ಅತ್ತಿಗೆಯ ಹತ್ತಿರ ಬಂದು ಬಾಯಿ ಮೇಲೆ ಬೆರಳಿಟ್ಟು ತೋರಿಸಿದ, ಮಗುವಿಗೆ ತೋರಿಸುವ ಹಾಗೆ.

ಎರಡು ಬೀದಿಯ ದಾರಿ. ಹುಡುಗಿ ಬೇಗ ನಡೆಯುತ್ತಿದ್ದಳು, ಇವಳು ಅರ್ಧ ಹೆಜ್ಜೆ ಹಿಂದೆ. ಎದುರು ಬಂದವರೆಲ್ಲ ತನ್ನ ಕೈ ನೋಡುತ್ತಿದ್ದಾರೆ ಅನ್ನಿಸಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡನಂತೆ. ತನ್ನದೂ ಅದೇ ಪಾಡು ಎಂದುಕೊಂಡು ಸುಮ್ಮನೆ ನಡೆದಳು. ಔಷಧಿ ಅಂಗಡಿಯ ಗಾಜಿನಲ್ಲಿ ತನ್ನನ್ನು ನೋಡಿಕೊಂಡಾಗಲೇ ಗೊತ್ತಾದದ್ದು, ಜನ ನೋಡುತ್ತಿದ್ದದ್ದು ನಿಜವೇ ಎಂದು. ಸೂಜಿಮೆತ್ತೆ ಮಣಿಕಟ್ಟಿನಲ್ಲೇ ಇತ್ತು. ಬಿಚ್ಚಿಡುವುದು ಮರೆತು ಬಂದಿದ್ದಳು. ಸೂಜಿ ಚುಚ್ಚಿಸಿಕೊಂಡವರ ಮನೆಗೆ ನಲವತ್ತು ಸೂಜಿ ಕಟ್ಟಿಕೊಂಡು ಹೋಗುತ್ತಿದ್ದೇನಲ್ಲ! ಸೆರಗಾದರೂ ಇದ್ದಿದ್ದರೆ ಮುಚ್ಚಿಕೊಳ್ಳಬಹುದಿತ್ತು, ಹೊಲಿಯುವಾಗ ತೊಡುವ ಅರ್ಧತೋಳಿನ ನಿಲುವಂಗಿಯಲ್ಲಿ ಹಾಗೇ ಬಂದಿದ್ದಳು. ಬಲಗೈಯಿಂದ ಮುಚ್ಚಿ ಹಿಡಿದುಕೊಂಡಳು. ಒಂದು ಸೂಜಿಯ ತಲೆ ಅಂಗೈಗೆ ಒತ್ತುತ್ತಿತ್ತು.

ಬಾಗಿಲು ತೆರೆದ ಮೇಷ್ಟ್ರ ಮಗಳು ಹುಡುಗಿಗೆ ಬನ್ನಿ ಎಂದಳು, ಇವಳಿಗೆ ಏನೂ ಅನ್ನಲಿಲ್ಲ. ಮೇಷ್ಟ್ರು ಕಿಟಕಿಯ ಪಕ್ಕದ ಮಂಚದಲ್ಲಿ ಒರಗಿದ್ದರು. ಬಲಗಾಲು ಎರಡು ದಿಂಬಿನ ಮೇಲೆ, ಬ್ಯಾಂಡೇಜಿನಲ್ಲಿ ಒಂದು ದೊಡ್ಡ ಬಿಳಿ ಗಂಟಿನಂತಿತ್ತು. ಅಷ್ಟು ದೊಡ್ಡದಿದ್ದೀತೆಂದು ಅವಳು ಊಹಿಸಿರಲಿಲ್ಲ. ಗೋಡೆಯ ಮೊಳೆಗೆ ಅದೇ ಬೂದು ಪ್ಯಾಂಟು ನೇತುಹಾಕಿತ್ತು, ಬಲಗಾಲಿನ ಅಂಚು ಬಿಚ್ಚಿ ಜೋತು ಬಿದ್ದಿತ್ತು. ತನ್ನ ಹೊಲಿಗೆ ಬಿಚ್ಚಿದ್ದನ್ನು ಅವಳು ಹಾಗೆ ಗೋಡೆಯ ಮೇಲೆ ಎಂದೂ ನೋಡಿರಲಿಲ್ಲ.

"ಬಂದ್ಯಾ?" ಎಂದರು ಮೇಷ್ಟ್ರು. "ಕೂತ್ಕೋ. ನೋವೇನಿಲ್ಲ ಕಣೇ. ಅದೇ ತೊಂದರೆ ಅಂತಾರೆ ಡಾಕ್ಟರು. ನೋವಿದ್ದಿದ್ರೆ ಒಳ್ಳೇದಿತ್ತಂತೆ."

ಅವಳು ಕೂರಲಿಲ್ಲ. ಮಗಳು ಒಂದು ಸಣ್ಣ ಸೀಸೆ ತಂದುಕೊಟ್ಟಳು, ಮಾತ್ರೆಯ ಸೀಸೆ. ಹುಡುಗಿ ಅದನ್ನು ಬೆಳಕಿಗೆ ಹಿಡಿದು, ಇವಳ ಮಣಿಕಟ್ಟಿನ ಹತ್ತಿರ ತಂದು, ಅಡ್ಡ ಹಿಡಿದ ಬಲಗೈಯನ್ನು ಮೆಲ್ಲನೆ ಸರಿಸಿದಳು. ಸೀಸೆಯೊಳಗೆ ಒಂದು ಬಿಳಿ ತಲೆ, ಮೆತ್ತೆಯ ಮೇಲೆ ನಲವತ್ತು ಬಿಳಿ ತಲೆ.

"ಇದೇ ಥರದ್ದಾ?"

"ಹೌದು."

"ಇಂಥದ್ದು ಎಲ್ಲಾ ಕಡೆ ಸಿಗುತ್ತೆ ಅಲ್ವಾ?"

ಅವಳು ಬಾಯಿ ತೆರೆಯುವ ಮುಂಚೆ ಮೇಷ್ಟ್ರು ಹೇಳಿದರು. "ಸಿಗುತ್ತಮ್ಮ, ಎಲ್ಲಾ ಕಡೆ ಸಿಗುತ್ತೆ. ನಾನು ಇವಳಿಗೂ ಅದನ್ನೇ ಹೇಳ್ತಿದೀನಿ" ಎಂದು ಮಗಳ ಕಡೆ ಕೈ ತೋರಿಸಿದರು. "ಟೈಲರಮ್ಮನ ಸೂಜಿ ಆಗಿರೋಕೆ ಸಾಧ್ಯವೇ ಇಲ್ಲ. ಅವತ್ತು ನಾನೇ ಕೇಳಿದೆ, ಲೆಕ್ಕ ಸರಿ ಇದೆ ಅಂದಳು. ಅವಳು ಎಣಿಸ್ತಾಳೆ. ಎಣಿಸೋದು ಕಲಿಸಿದವನು ನಾನು."

ಮಗಳು ಮುಖ ತಿರುಗಿಸಿದಳು. ಹುಡುಗಿ ಅದನ್ನೂ ಬರೆದುಕೊಳ್ಳಲು ಪೆನ್ನು ತೆಗೆದಳು. ಟೈಲರಮ್ಮನಿಗೆ ಕೋಣೆ ಒಮ್ಮೆಲೇ ತುಂಬ ಉದ್ದವಾದಂತೆ, ಆ ಮಂಚ ಹತ್ತು ಹೆಜ್ಜೆ ದೂರವಿರುವಂತೆ ಕಂಡಿತು. ಮೈದುನ ಹೇಳಿದ ಮಾತು, ಹದಿನೆಂಟನೆಯ ಪುಟ, ಒಪ್ಪಿಕೊಳ್ಳಬಾರದು, ಗೊತ್ತಿದ್ದೂ, ಎಲ್ಲ ಒಂದರ ಮೇಲೊಂದು ಬಿದ್ದು ಯಾವುದು ಯಾವುದಕ್ಕೆ ಎಂದು ತಿಳಿಯದಾಯಿತು. ತಪ್ಪು ಎಂಬ ಮಾತು ಆಡಬಾರದು ತಾನೇ. ಸಾರಿ ಅನ್ನಬಾರದು ತಾನೇ. ಬೇರೆ ಮಾತು ಇರಬೇಕಲ್ಲ, ಐವತ್ತು ವರ್ಷ ಕನ್ನಡ ಆಡಿದ್ದೇನೆ.

"ಮೇಷ್ಟ್ರೇ" ಎಂದಳು. "ಉತ್ತರ ನೋಡ್ಕೊಂಡು ಲೆಕ್ಕ ಮಾಡ್ದೆ."

ಹುಡುಗಿಗೆ ಅರ್ಥವಾಗಲಿಲ್ಲ. ಮಗಳಿಗೂ ಆಗಲಿಲ್ಲ. ಮೇಷ್ಟ್ರು ಕಣ್ಣಿಗೆ ಕನ್ನಡಕ ಏರಿಸಿಕೊಂಡು ಅವಳನ್ನೇ ನೋಡಿದರು, ಸ್ಲೇಟು ನೋಡುತ್ತಿದ್ದ ಹಾಗೆ, ಮೇಲಿಂದ ಕೆಳಗೆ.

"ಎಷ್ಟು ಬಂದಿತ್ತು?"

"ಮೂವತ್ತೊಂಬತ್ತು. ಡಬ್ಬಿಯಿಂದ ಒಂದು ತೆಗೆದು ಸೇರಿಸ್ದೆ. ಬಟ್ಟೆ ನೋಡ್ಲಿಲ್ಲ. ಸುಸ್ತಾಗಿತ್ತು." ಇಷ್ಟು ಹೇಳಿದ ಮೇಲೆ ತಡೆಯಲಾಗಲಿಲ್ಲ. "ಸೋಮವಾರ ನೀವು ಬಂದಾಗಲೂ ನೋಡಬಹುದಿತ್ತು. ನೀವು ನೋಡ್ತಿದ್ರಿ ಅಂತ ನೋಡ್ಲಿಲ್ಲ." ಆಮೇಲೆ ಹುಡುಗಿಯ ಕಡೆ ತಿರುಗಿ, ಅಳು ಬರುವಂತಾಗಿದ್ದ ದನಿಯಲ್ಲಿ, "ಇನ್ನು ಇವರಿಗೆ ಏನೂ ಬರಲ್ಲ ಅಲ್ವಾ? ನಾನು ಒಪ್ಕೊಂಡುಬಿಟ್ಟೆ. ಗೊತ್ತಿದ್ದೂ ಮಾಡಿದ್ದು" ಎಂದಳು.

ಹುಡುಗಿ ಬರೆದಿದ್ದ ಸಾಲನ್ನು ಹೊಡೆದುಹಾಕುತ್ತಿದ್ದಳು. "ಗೊತ್ತಿದ್ದೂ ಅಂದ್ರೆ ಚುಚ್ಚಲಿ ಅಂತಲೇ ಇಟ್ಟಿದ್ರೆ. ಇದು ಉದಾಸೀನ. ಉದಾಸೀನಕ್ಕೇ ಈ ಪಾಲಿಸಿ ಇರೋದು ಅಮ್ಮಾ. ಎಲ್ಲರೂ ಹುಷಾರಾಗಿದ್ರೆ ನನಗೆ ಕೆಲಸ ಎಲ್ಲಿರುತ್ತೆ?"

"ಹೇಳಬಾರದು ಅಂತ ಬರೆದಿದೆ."

"ಹೊಣೆ ನನ್ನದು, ಇಷ್ಟು ಕೊಡ್ತೀನಿ ಅಂತ ನೀವೇ ಒಪ್ಪಂದ ಮಾಡ್ಕೋಬಾರದು ಅಂತ ಬರೆದಿದೆ. ನಡೆದದ್ದನ್ನ ನಡೆದ ಹಾಗೆ ಹೇಳೋಕೇನು? ನನಗಂತೂ ಹೇಳಲೇಬೇಕು. ಮುಂಚೆ ಹೇಳಿದ ನಲವತ್ತೇ ತೊಂದರೆ ಮಾಡ್ತಿತ್ತು. ಇಲ್ಲಿ ಸಹಿ ಹಾಕಿ. ಕೊಡೋದು ಬಿಡೋದು ಆಫೀಸಿನವರು ಹೇಳ್ತಾರೆ."

"ಹೇಗಿದ್ದೀರ ಅಂತ ಕೇಳಬಹುದಿತ್ತಾ? ಮನೆಗೆ ಬಂದು?"

ಹುಡುಗಿ ತಲೆಯೆತ್ತಿದಳು. "ಯಾಕೆ ಕೇಳಬಾರದು?"

ಎರಡು ವಾರ. ಅವಳಿಗೆ ನಗು ಬಂದಂತಾಯಿತು. ತನ್ನ ಪಾಪಕ್ಕೆ ಒಂದು ಪುಟವಾದರೂ ಪ್ರತ್ಯೇಕವಾಗಿ ಇದ್ದೀತೆಂದುಕೊಂಡಿದ್ದಳು. ಉದಾಸೀನ ಎಂಬ ಒಂದು ಮಾತಿನಲ್ಲಿ, ಅಂಗಡಿ ನೆಲದಲ್ಲಿ ನೀರು ಚೆಲ್ಲಿದವರು, ಏಣಿ ಸರಿಯಾಗಿ ಆನಿಸದವರು, ಇವರೆಲ್ಲರ ಜೊತೆ ತನ್ನನ್ನೂ ಸೇರಿಸಿ ಹುಡುಗಿ ಫೈಲು ಮುಚ್ಚಿ, ಸೀಸೆಯನ್ನು ಚೀಲಕ್ಕೆ ಹಾಕಿಕೊಂಡಿದ್ದಳು. ಹಗುರಾಗಬೇಕಿತ್ತು. ಆಗಲಿಲ್ಲ. ಭಾರ ಮೊದಲಿದ್ದ ಜಾಗದಲ್ಲಿ ಇರಲಿಲ್ಲ, ಆದರೆ ಇಳಿದೂ ಇರಲಿಲ್ಲ.

ಹುಡುಗಿ ಹೋದ ಮೇಲೆ ಇವಳು ಬಾಗಿಲ ಹತ್ತಿರವೇ ನಿಂತಿದ್ದಳು. ಮೇಷ್ಟ್ರು ಏನಾದರೂ ಅನ್ನಲಿ. ಬೈಯಲಿ. ಪರವಾಗಿಲ್ಲ ಎನ್ನಲಿ. ಅವರು ಕೈ ಚಾಚಿದರು.

"ಬಾ ಇಲ್ಲಿ. ಮತ್ತೆ ಎಣಿಸು."

ಮಂಚದ ಪಕ್ಕದ ಸ್ಟೂಲಿನಿಂದ ಮಾತ್ರೆಗಳನ್ನು ಸರಿಸಿ ಜಾಗ ಮಾಡಿಕೊಟ್ಟರು. ಅವಳು ಮಂಡಿ ಊರಿ ಕೂತು, ಮೆತ್ತೆಯಿಂದ ಒಂದೊಂದೇ ಸೂಜಿ ಕಿತ್ತು ಸ್ಟೂಲಿನ ಮೇಲಿಟ್ಟಳು. ಒಂದು, ಎರಡು, ಮೂರು. ಬಾಯಿಬಿಟ್ಟು ಎಣಿಸಬೇಕೆಂದು ಅವರು ಹೇಳಲಿಲ್ಲ, ಅವಳಾಗಿಯೇ ಎಣಿಸಿದಳು. ಐವತ್ತೆರಡು ವರ್ಷದ ಹೆಂಗಸು, ಬೆನ್ನ ಹಿಂದೆ ಮೇಷ್ಟ್ರ ಮಗಳು ನಿಂತು ನೋಡುತ್ತಿದ್ದಾಳೆಂದು ಗೊತ್ತಿದ್ದೂ, ಮೂವತ್ತರ ಹತ್ತಿರ ಎಡವಿ, ಹಿಂದೆ ಹೋಗಿ, ಮತ್ತೆ ಮುಂದಕ್ಕೆ ಬಂದಳು. ನಲವತ್ತು.

ಮೇಷ್ಟ್ರು ರಾಶಿಯಿಂದ 'ಇದು' ಎಂದು ಒಂದನ್ನು ಎತ್ತಿಕೊಂಡರು. ಡಬ್ಬಿಯಿಂದ ಬಂದದ್ದು ಅದೇ ಎಂದು ಅವರಿಗೆ ಹೇಗೆ ಗೊತ್ತು? ಗೊತ್ತಿರಲು ಸಾಧ್ಯವಿಲ್ಲ, ಎಲ್ಲದರ ತಲೆಯೂ ಒಂದೇ. ಅವರು ಅದನ್ನು ತಮ್ಮ ಅಂಗಿಯ ಜೇಬಿನ ಅಂಚಿಗೆ, ಹಿಂದೆ ಕೆಂಪು ಪೆನ್ನು ಸಿಕ್ಕಿಸಿಕೊಳ್ಳುತ್ತಿದ್ದ ಜಾಗಕ್ಕೆ, ಚುಚ್ಚಿಕೊಂಡರು.

"ಇದು ನನ್ನ ಹತ್ತಿರ ಇರಲಿ. ಕಾಲು ನೆಲಕ್ಕೆ ಊರೋ ಹಾಗಾದ ದಿನ ನಾನೇ ನಡ್ಕೊಂಡು ಬಂದು ಕೊಡ್ತೀನಿ."

"ಆಗದೇ ಹೋದ್ರೆ ಮೇಷ್ಟ್ರೇ?"

"ಆಗದೇ ಹೋದ್ರೆ ಕೊಡಲ್ಲ" ಎಂದರು ಅವರು, ಕಣ್ಣು ಮುಚ್ಚಿಕೊಂಡರು.

ಅದು ಕ್ಷಮೆಯೋ ಶಿಕ್ಷೆಯೋ ಅವಳಿಗೆ ತಿಳಿಯಲಿಲ್ಲ. ಕೇಳಲು ಧೈರ್ಯವೂ ಬರಲಿಲ್ಲ. ಉಳಿದ ಸೂಜಿಗಳನ್ನು ಮೆತ್ತೆಗೆ ಚುಚ್ಚಿಕೊಂಡು ಎದ್ದಾಗ ಮೇಷ್ಟ್ರ ಮಗಳು ಗೋಡೆಯಿಂದ ಆ ಪ್ಯಾಂಟನ್ನು ಇಳಿಸಿ, ಮಡಚಿ, ಮಾತಿಲ್ಲದೆ ಅವಳ ಕೈಗೆ ಕೊಟ್ಟಳು. ಹೊಲಿದುಕೊಡಿ ಎಂದೋ, ಇದು ನಮ್ಮ ಮನೆಯಲ್ಲಿ ಬೇಡ ಎಂದೋ ಅದೂ ತಿಳಿಯಲಿಲ್ಲ. "ಹೇಗಿದ್ದಾರೆ?" ಎಂದು ಕೇಳಿದಳು, ಎರಡು ವಾರ ತಡವಾಗಿ. "ನಿದ್ದೆ ಮಾಡಲ್ಲ" ಎಂದಳು ಮಗಳು. ಅಷ್ಟು ಹೇಳಿ ಬಾಗಿಲವರೆಗೆ ಬಂದಳು.

ಮಧ್ಯಾಹ್ನವೆಲ್ಲ ಅವಳು ಆ ಪ್ಯಾಂಟಿನ ಅಂಚನ್ನು ಕೈಯಲ್ಲೇ ಹೊಲಿದಳು, ಮಿಷನ್ನಿನಲ್ಲಿ ಐದು ನಿಮಿಷದ ಕೆಲಸವನ್ನು. ಹೊಲಿದು, ಮಡಿಕೆಯ ಉದ್ದಕ್ಕೂ ಬೆರಳಿನಿಂದ ಒತ್ತಿ ಒತ್ತಿ ನೋಡಿ, ಇಸ್ತ್ರಿ ಮಾಡಿ ಕಂಬಿಗೆ ಹಾಕಿದಳು. ಬಿಸಿಲು ಇಳಿಯುವ ಹೊತ್ತಿಗೆ ಎಣಿಸಲು ಕೂತಳು. ಮೂವತ್ತೊಂಬತ್ತು. ನಾಲ್ಕನೆಯ ಸಾಲಿನ ಕೊನೆಯಲ್ಲಿ ಖಾಲಿ ಜಾಗ. ಬಟ್ಟೆಯಲ್ಲಿ ಹಳೆಯ ತೂತು ಹಾಗೇ ಇತ್ತು. ಕಪಾಟಿನಲ್ಲಿ ಡಬ್ಬಿಯೂ ಇತ್ತು, ಅವಳು ಅತ್ತ ನೋಡಲಿಲ್ಲ. ಆಗ ಮೈದುನನ ಫೋನು ಬಂತು.

"ಎಲ್ಲ ಸುಸೂತ್ರ ಆಯ್ತಾ ಅತ್ತಿಗೆ? ನಲವತ್ತು ಅಂತಾನೇ ಹೇಳಿದ್ರಿ ತಾನೇ?"

ಅವಳು ಮೆತ್ತೆಯನ್ನು ಇನ್ನೊಮ್ಮೆ ನೋಡಿಕೊಂಡಳು.

"ಒಂದು ಮೇಷ್ಟ್ರ ಹತ್ತಿರ ಇದೆ ಕಣಪ್ಪಾ" ಎಂದಳು.